ರೇಸಿನ ಯಜಮಾನರು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಫಾರ್ಮುಲಾ ಒನ್ ಟೈರುಗಳ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಟೈರ್ ಬಗ್ಗೆ ಇದ್ದದ್ದು ಎರಡೇ. ಉಳಿದವರೆಲ್ಲ ದುಡ್ಡಿನ ಬಗ್ಗೆ, ದುಡ್ಡು ಹಿಡಿದಿರುವವರ ಬಗ್ಗೆ ಕೇಳಿದ್ದೀರಿ. ಮೂವತ್ತು ವರ್ಷ ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ನೋಡಿದವಳು ನಾನು. ರಜೆ ಸಿಕ್ಕಾಗಲೆಲ್ಲ ರ‍್ಯಾಲಿಗಳಿಗೆ ಹೋಗಿ ಟೈಮ್ ಕಂಟ್ರೋಲ್ ಮೇಜಿನ ಹಿಂದೆ, ಅಂದರೆ ಕಾರುಗಳ ಸಮಯ ಬರೆದುಕೊಳ್ಳುವ ಜಾಗದಲ್ಲಿ, ಕೂತವಳು. ಹಾಗಾಗಿ ಈ ಸಲದ ಪ್ರಶ್ನೆಗಳನ್ನು ಖುಷಿಯಿಂದ ಓದಿದೆ.

ಪ್ರಶ್ನೆ: ಮೇಡಂ, ಭಾರತದಲ್ಲಿ ಫಾರ್ಮುಲಾ ಒನ್ ಮೂರೇ ವರ್ಷಕ್ಕೆ ನಿಂತುಹೋಯಿತು. ಜನ ಬರಲಿಲ್ಲ ಅಂತಾನಾ, ತೆರಿಗೆ ಜಾಸ್ತಿ ಅಂತಾನಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಜನ ಬಂದಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಾನು ಅಲ್ಲಿದ್ದೆ. 2011ರ ಅಕ್ಟೋಬರ್ 30, ಭಾನುವಾರ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್. ನಾನು, ನನ್ನ ತಮ್ಮ, ಅವನ ಮಗ ಮೂವರೂ ರೈಲಿನಲ್ಲಿ ಹೋಗಿದ್ದೆವು. ಸುಮಾರು 95 ಸಾವಿರ ಜನ ಸೇರಿದ್ದರು ಅಂತ ಮಾರನೇ ದಿನದ ಪೇಪರಿನಲ್ಲಿ ಬಂತು. ಆಗಿನ ವಿ-8 ಎಂಜಿನ್ನಿನ ಸದ್ದು ಎದೆಗೇ ಬಂದು ಬಡಿಯುತ್ತಿತ್ತು. ಹುಡುಗ ಮೊದಲ ಲ್ಯಾಪಿಗೆ ನನ್ನ ಸೆರಗು ಎಳೆದು ಕಿವಿ ಮುಚ್ಚಿಕೊಂಡ. ಹತ್ತನೇ ಲ್ಯಾಪಿನ ಹೊತ್ತಿಗೆ ಸೆರಗು ಬಿಟ್ಟು ಕುರ್ಚಿ ಮೇಲೆ ಹತ್ತಿ ನಿಂತಿದ್ದ. ಜರ್ಮನಿಯ ಚಾಲಕ ವೆಟ್ಟೆಲ್ ಗೆದ್ದರು. ಮುಂದಿನ ಎರಡು ವರ್ಷವೂ ಅಲ್ಲಿ ಅವರೇ ಗೆದ್ದರು.

ಆಮೇಲೆ ಜನ ಕಡಿಮೆಯಾದದ್ದು ನಿಜ. ತೆರಿಗೆ ತಕರಾರೂ ನಿಜ. ಇದು ಕ್ರೀಡೆಯೋ ಮನರಂಜನೆಯೋ ಅನ್ನೋ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಮೊದಲ ವರ್ಷವೇ ಟಿಕೆಟ್ ದುಡ್ಡಿನಲ್ಲಿ ಕಾಲು ಭಾಗವನ್ನು ಬೇರೆ ಖಾತೆಯಲ್ಲಿ ಇಡಬೇಕಾಯಿತು. ಆದರೆ ನನ್ನ ಪ್ರಕಾರ ಕಾಯಿಲೆಯ ಬೇರು ಕರಾರಿನಲ್ಲಿದೆ.

ಇಂಥ ಕರಾರುಗಳು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ನಮ್ಮದು ಬಂತು, ಆದಾಯ ತೆರಿಗೆ ಕೇಸಿನಿಂದಾಗಿ. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಒಂದೊಂದನ್ನೂ ಬಿಡಿಸಿ ಬರೆದಿದ್ದಾರೆ. ನಾನು ಅದನ್ನು ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದು ಓದಿದೆ. ಫಾರ್ಮುಲಾ ಒನ್ ಕಂಪನಿಗೂ ಟ್ರ್ಯಾಕ್ ಕಟ್ಟಿದ ಜೇಪಿ ಕಂಪನಿಗೂ ಕರಾರು ಆದದ್ದು 2011ರ ಸೆಪ್ಟೆಂಬರ್ 13ರಂದು. ರೇಸ್ ನಡೆಸುವ ಹಕ್ಕಿಗೆ ಜೇಪಿ ಕೊಡಬೇಕಾದ ದುಡ್ಡು 4 ಕೋಟಿ ಡಾಲರ್. ಅದೇ ದಿನ ಇನ್ನೂ ಕೆಲವು ಕಾಗದಗಳಿಗೆ ಸಹಿ ಬಿತ್ತು. ಅವುಗಳ ಪ್ರಕಾರ ಪ್ರಸಾರದ ಹಕ್ಕು, ಮುಖ್ಯ ಪ್ರಾಯೋಜಕತ್ವದ ಹಕ್ಕು ಫಾರ್ಮುಲಾ ಒನ್‌ನದ್ದೇ ಒಂದು ಸೋದರ ಕಂಪನಿಗೆ. ಪ್ಯಾಡಕ್‌ನಲ್ಲಿ (ತಂಡಗಳು ಬೀಡುಬಿಡುವ ಜಾಗ) ದೊಡ್ಡ ಅತಿಥಿಗಳನ್ನು ಕೂರಿಸಿ ಊಟ ಬಡಿಸುವ ಹಕ್ಕು ಇನ್ನೊಂದಕ್ಕೆ.

ಪೆನ್ಸಿಲ್ಲಿನಲ್ಲಿ ಎರಡು ಗೆರೆ ಎಳೆದ ಜಾಗ ಇದು: ಏರ್‌ಟೆಲ್ ಜೊತೆ ಮುಖ್ಯ ಪ್ರಾಯೋಜಕತ್ವದ ಒಪ್ಪಂದ ಆದದ್ದು ಆಗಸ್ಟ್ 16ರಂದು, 80 ಲಕ್ಷ ಡಾಲರಿಗೆ. ಅಂದರೆ ಜೇಪಿ ಸಹಿ ಹಾಕುವುದಕ್ಕೂ ಸುಮಾರು ನಾಲ್ಕು ವಾರ ಮೊದಲೇ ಮುಖ್ಯ ಜಾಹೀರಾತು ಮಾರಾಟ ಆಗಿಹೋಗಿತ್ತು. ಜಾಗ ಜೇಪಿಯದ್ದು, ಟ್ರ್ಯಾಕ್ ಜೇಪಿಯದ್ದು, ಸಾಲ ಜೇಪಿಯದ್ದು. ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಟಿಕೆಟ್. ಎರಡನೇ ವರ್ಷ ಗ್ಯಾಲರಿ ಖಾಲಿಯಾದರೆ ಹೊಡೆತ ಯಾರಿಗೆ ಅಂತ ನೀವೇ ನೋಡಿ.

ರೇಸಿನ ದಿನಗಳಲ್ಲಿ ಟ್ರ್ಯಾಕಿನ ಪೂರ್ತಿ ಹಿಡಿತ ಫಾರ್ಮುಲಾ ಒನ್ ಕಂಪನಿಯದ್ದೇ, ಆದ್ದರಿಂದ ಇಲ್ಲಿ ಗಳಿಸಿದ್ದಕ್ಕೆ ಇಲ್ಲಿ ತೆರಿಗೆ ಕಟ್ಟಬೇಕು ಅಂತ ಕೋರ್ಟ್ ಹೇಳಿತು. ಸರಿಯಾದ ತೀರ್ಪು ಅಂತ ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಆದರೆ ಅಷ್ಟೊತ್ತಿಗೆ ರೇಸ್ ಹೋಗಿ ಮೂರೂವರೆ ವರ್ಷ ಆಗಿತ್ತು.

ಪ್ರಶ್ನೆ: ಬರ್ನಿ ಎಕಲ್‌ಸ್ಟೋನ್ ಒಂದು ತಂಡದ ಮಾಲೀಕರಾಗಿ ಬಂದವರು. ಇಡೀ ಆಟಕ್ಕೇ ಒಡೆಯ ಆದದ್ದು ಹೇಗೆ? ಉಳಿದವರು ಸುಮ್ನೆ ಬಿಟ್ಟರಾ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಉತ್ತರ: ಬಿಟ್ಟರು ಸರ್. ಸಹಿ ಹಾಕಿ ಬಿಟ್ಟುಕೊಟ್ಟರು. ಬ್ಯಾಂಕಿನಲ್ಲಿದ್ದ ನಿಮಗೆ ಈ ಕಥೆ ಬೇಗ ಅರ್ಥವಾಗುತ್ತೆ.

ಎಕಲ್‌ಸ್ಟೋನ್ ಹುಟ್ಟಿದ್ದು 1930ರಲ್ಲಿ, ಇಂಗ್ಲೆಂಡಿನ ಸಫೋಕ್‌ನಲ್ಲಿ. ಅಪ್ಪ ಮೀನುಗಾರಿಕೆ ದೋಣಿಯವರು. ಮಗ ಹಳೇ ಮೋಟಾರ್ ಸೈಕಲ್, ಹಳೇ ಕಾರು ಕೊಂಡು ಮಾರುತ್ತಾ ಮೇಲೆ ಬಂದವರು. 1958ರಲ್ಲಿ ಮೊನಾಕೊದಲ್ಲಿ ತಾವೇ ಕಾರು ಓಡಿಸಲು ನೋಡಿದರು, ಅರ್ಹತೆ ಸಿಗಲಿಲ್ಲ. ಆಮೇಲೆ ಯೊಖೆನ್ ರಿಂಟ್ ಅನ್ನೋ ಚಾಲಕನ ವ್ಯವಹಾರ ನೋಡಿಕೊಂಡರು. ರಿಂಟ್ 1970ರಲ್ಲಿ ಇಟಲಿಯ ಮೊಂಜಾ ಟ್ರ್ಯಾಕಿನಲ್ಲಿ ತೀರಿಕೊಂಡರು. 1971ರ ಕೊನೆಗೆ ಎಕಲ್‌ಸ್ಟೋನ್ ಬ್ರಾಬಮ್ ತಂಡ ಕೊಂಡರು, 1 ಲಕ್ಷ ಪೌಂಡಿಗೆ.

ಆಗ ಒಂದೊಂದು ತಂಡವೂ ಒಂದೊಂದು ಟ್ರ್ಯಾಕಿನವರ ಹತ್ತಿರ ತನ್ನ ಪಾಡಿಗೆ ತಾನು ಚೌಕಾಸಿ ಮಾಡುತ್ತಿತ್ತು. ಫೆರಾರಿಗೆ ಜಾಸ್ತಿ, ಸಣ್ಣವರಿಗೆ ಪುಡಿಗಾಸು. ನಿಮ್ಮ ಕಡೆ ಬ್ಯಾಡಗಿ ಪೇಟೆಗೆ ರೈತ ಒಬ್ಬನೇ ಎರಡು ಚೀಲ ಮೆಣಸಿನಕಾಯಿ ಹೊತ್ತು ಹೋದರೆ ಏನಾಗುತ್ತೋ ಅದೇ. ಎಕಲ್‌ಸ್ಟೋನ್ ಹೇಳಿದರು: ಎಲ್ಲರ ಪರವಾಗಿ ನಾನು ಮಾತಾಡುತ್ತೇನೆ. ಇಷ್ಟು ಕಾರು ಬಂದೇ ಬರುತ್ತೆ, ಇಷ್ಟು ದುಡ್ಡು ಕೊಡಿ. ಕಾರು ಸಾಗಿಸುವ ವಿಮಾನದ ವ್ಯವಸ್ಥೆಯೂ ನನ್ನದೇ. ತಂಡದ ಮಾಲೀಕರಿಗೆ ಹಾಯೆನಿಸಿತು. ಅವರಿಗೆ ಬೇಕಿದ್ದದ್ದು ಕಾರು ಕಟ್ಟುವುದು, ಗೆಲ್ಲುವುದು. ಪತ್ರ ಬರೆಯುವುದು, ಹಟ ಹಿಡಿದು ಕೂರುವುದು ಯಾರಿಗೂ ಬೇಡವಾಗಿತ್ತು.

ಆಮೇಲೆ 1980, 81ರಲ್ಲಿ ದೊಡ್ಡ ಜಗಳ. ಒಂದು ಕಡೆ ಮೋಟಾರ್ ಕ್ರೀಡೆಯ ಅಂತಾರಾಷ್ಟ್ರೀಯ ಫೆಡರೇಶನ್ನಿನ ಕ್ರೀಡಾ ವಿಭಾಗದ ಅಧ್ಯಕ್ಷ ಬಾಲೆಸ್ತ್ರ್. ಇನ್ನೊಂದು ಕಡೆ ಎಕಲ್‌ಸ್ಟೋನ್ ಮತ್ತು ಅವರ ಜೊತೆಗಿದ್ದ ವಕೀಲ ಮ್ಯಾಕ್ಸ್ ಮೋಸ್ಲಿ. 1980ರ ಸ್ಪೇನ್ ರೇಸಿನ ಅಂಕಗಳೇ ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ 1981ರಲ್ಲಿ ರಾಜಿಯಾಯಿತು. ಫೆಡರೇಶನ್ನಿನ ಕಚೇರಿ ಪ್ಯಾರಿಸ್ಸಿನ ಕಾನ್‌ಕಾರ್ಡ್ ಚೌಕದಲ್ಲಿತ್ತು, ಅದಕ್ಕೇ ಅದರ ಹೆಸರು ಕಾನ್‌ಕಾರ್ಡ್ ಒಪ್ಪಂದ. ನಿಯಮ ಮಾಡುವ ಹಕ್ಕು ಫೆಡರೇಶನ್ನಿಗೆ ಉಳಿಯಿತು. ಟಿ.ವಿ ಕರಾರು ಮಾತಾಡುವ ಹಕ್ಕು ಎಕಲ್‌ಸ್ಟೋನ್ ಕಡೆಗೆ ಬಂತು.

ಆ ಕಾಲಕ್ಕೆ ಟಿ.ವಿ ದುಡ್ಡು ಅಂದರೆ ಚಿಲ್ಲರೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಕಲ್‌ಸ್ಟೋನ್ ಚಾನೆಲ್‌ಗಳಿಗೆ ಹೇಳಿದರು: ನಿಮ್ಮ ದೇಶದ ರೇಸ್ ಒಂದೇ ಅಲ್ಲ, ಇಡೀ ವರ್ಷದ ರೇಸ್ ತೋರಿಸಬೇಕು. ಭಾನುವಾರ ಮಧ್ಯಾಹ್ನ ರೇಸ್ ಹಾಕಿಕೊಂಡು ಕೂರುವ ಅಭ್ಯಾಸ ದೇಶದೇಶಗಳಲ್ಲಿ ಬೆಳೆದದ್ದು ಆಗ. 1987ರ ಹೊತ್ತಿಗೆ ಟಿ.ವಿ ದುಡ್ಡಿನ ಪಾಲು ಹೀಗಿತ್ತು: ತಂಡಗಳಿಗೆಲ್ಲ ಸೇರಿ ನೂರಕ್ಕೆ 47, ಫೆಡರೇಶನ್ನಿಗೆ 30, ಎಕಲ್‌ಸ್ಟೋನ್ ಕಂಪನಿಗೆ 23. ಹತ್ತು ವರ್ಷ ಕಳೆದ ಮೇಲೆ ಮೆಕ್‌ಲಾರೆನ್, ವಿಲಿಯಮ್ಸ್, ಟಿರೆಲ್ ತಂಡಗಳು ಹೊಸ ಒಪ್ಪಂದಕ್ಕೆ ಸಹಿ ಹಾಕೋದಿಲ್ಲ ಅಂತ ಕೂತವು. ತಡವಾಗಿತ್ತು. ಕಳ್ಳತನ ಯಾವುದೂ ನಡೆದಿರಲಿಲ್ಲ. ಎಲ್ಲರ ಕಣ್ಣೆದುರೇ ಕಾಗದ ಆಗಿತ್ತು.

ಆ ದಿನಗಳ ಪ್ಯಾಡಕ್ ಫೋಟೊ ನೋಡಿ. ಲಾರಿಗಳೆಲ್ಲ ಸ್ಕೇಲ್ ಹಿಡಿದು ಗೆರೆ ಎಳೆದ ಹಾಗೆ ಸಾಲಾಗಿ ನಿಂತಿರುತ್ತವೆ. ಒಂದು ಚಕ್ರ ಮುಂದಿದ್ದರೂ ಎಕಲ್‌ಸ್ಟೋನ್‌ಗೆ ಆಗುತ್ತಿರಲಿಲ್ಲ. ಒಂದು ಕಡೆ ಬೂದು ಬಣ್ಣದ ಬಸ್ಸು, ಗಾಜೆಲ್ಲ ಕಪ್ಪು. ಅದರೊಳಗೆ ಅವರ ಆಫೀಸು. ಜನ ಅದನ್ನು ಕ್ರೆಮ್ಲಿನ್ ಅಂತ ಕರೆಯುತ್ತಿದ್ದರು. ತಂಡದ ಮಾಲೀಕರೂ, ಟ್ರ್ಯಾಕಿನವರೂ ಒಬ್ಬೊಬ್ಬರಾಗಿ ಆ ಬಾಗಿಲಿಗೆ ಹೋಗಿ ಬರುತ್ತಿದ್ದರು. ಒಬ್ಬರಿಗೆ ಏನು ಹೇಳಿದರು ಅಂತ ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲರನ್ನೂ ಒಟ್ಟು ಮಾಡಿ ಬೆಳೆದವರು, ಬೆಳೆದ ಮೇಲೆ ಯಾರನ್ನೂ ಒಟ್ಟಾಗಲು ಬಿಡಲಿಲ್ಲ.

ನನಗೆ ಇವತ್ತಿಗೂ ಒಪ್ಪಲಾಗದ ಕರಾರು 2001ರದ್ದು. ಆ ಹೊತ್ತಿಗೆ ಮೋಸ್ಲಿ ಫೆಡರೇಶನ್ನಿನ ಅಧ್ಯಕ್ಷರು. ಫೆಡರೇಶನ್ ತನ್ನ ವಾಣಿಜ್ಯ ಹಕ್ಕನ್ನು 2011ರಿಂದ ಮುಂದೆ ನೂರು ವರ್ಷಕ್ಕೆ ಎಕಲ್‌ಸ್ಟೋನ್ ಕಟ್ಟಿದ ಕಂಪನಿಗೆ ಬಿಟ್ಟುಕೊಟ್ಟಿತು. ಬಂದ ದುಡ್ಡು 30 ಕೋಟಿ ಡಾಲರಿಗಿಂತ ಸ್ವಲ್ಪ ಜಾಸ್ತಿ. 2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಈ ವ್ಯಾಪಾರವನ್ನು ಕೊಂಡಾಗ ಸಾಲವೂ ಸೇರಿ ಅದರ ಬೆಲೆ 800 ಕೋಟಿ ಡಾಲರ್. ನೂರು ವರ್ಷದ ಗುತ್ತಿಗೆಗೆ ಹೊಲ ಕೊಟ್ಟವರನ್ನು ನಮ್ಮ ಊರಲ್ಲಿ ಏನಂತಾರೆ, ನಿಮಗೆ ಗೊತ್ತು. ಲಿಬರ್ಟಿ ಬಂದ ಕೂಡಲೇ ಎಕಲ್‌ಸ್ಟೋನ್ ಕುರ್ಚಿ ಹೋಯಿತು. ಆರು ವರ್ಷದ ಮೇಲೆ, 2023ರಲ್ಲಿ, ವಿದೇಶದ ಟ್ರಸ್ಟ್ ಒಂದರ ವಿಷಯ ಮುಚ್ಚಿಟ್ಟ ತಪ್ಪನ್ನು ಲಂಡನ್ ಕೋರ್ಟಿನಲ್ಲಿ ಒಪ್ಪಿಕೊಂಡು ಸುಮಾರು 65 ಕೋಟಿ ಪೌಂಡ್ ಕಟ್ಟಿದರು. ಆಗ ಅವರಿಗೆ ತೊಂಬತ್ತೆರಡು ವರ್ಷ.

ಪ್ರಶ್ನೆ: ಅಕ್ಕ, ನಾನು ಕುಂದಾಪುರದವ, ಬಹ್ರೇನ್‌ನಲ್ಲಿ ಕೆಲಸ. ಇಲ್ಲಿ ರಾತ್ರಿ ದೀಪದ ಬೆಳಕಲ್ಲಿ ರೇಸ್ ನೋಡಿ ಬಂದೆ. ಗಲ್ಫ್‌ನಲ್ಲೇ ಯಾಕೆ ಇಷ್ಟೊಂದು ರೇಸ್?
— ಓದುಗರು, ಮನಾಮ

ಉತ್ತರ: ನಿಮ್ಮ ಊರಿನ ಯಕ್ಷಗಾನದ ಟೆಂಟ್ ಮೇಳ ನೆನಪಿದೆಯಲ್ವಾ? ಮೇಳಕ್ಕೆ ಇಂತಿಷ್ಟು ಅಂತ ಕೊಟ್ಟು ಊರಿನವನೊಬ್ಬ ಆಟ ಕಂಟ್ರಾಕ್ಟ್ ಹಿಡಿಯುತ್ತಾನೆ. ಟಿಕೆಟ್ ಹೋದರೆ ಅವನ ಅದೃಷ್ಟ. ಮಳೆ ಬಂದರೆ ಅವನ ಕರ್ಮ. ಮೇಳದ ದುಡ್ಡು ಮೇಳಕ್ಕೆ ಸಂದಿರುತ್ತೆ. ಫಾರ್ಮುಲಾ ಒನ್‌ನಲ್ಲಿ ಟ್ರ್ಯಾಕಿನವರು ಆ ಕಂಟ್ರಾಕ್ಟ್ ಹಿಡಿದವರ ಜಾಗದಲ್ಲಿದ್ದಾರೆ.

ಬ್ರಿಟನ್ನಿನ ಸಿಲ್ವರ್‌ಸ್ಟೋನ್ ನೋಡಿ. 1950ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಮೊದಲ ರೇಸ್ ನಡೆದದ್ದೇ ಅಲ್ಲಿ. ಟ್ರ್ಯಾಕ್ ಇರುವುದು ಹಳೇ ಚಾಲಕರ ಕ್ಲಬ್ಬಿನ ಕೈಯಲ್ಲಿ. ಅವರ ಕರಾರಿನಲ್ಲಿ ಶುಲ್ಕ ಪ್ರತಿ ವರ್ಷ ನೂರಕ್ಕೆ 5ರಂತೆ ಏರಬೇಕು ಅಂತ ಇತ್ತು. 2010ರಲ್ಲಿ 1.15 ಕೋಟಿ ಪೌಂಡ್ ಇದ್ದದ್ದು 2017ಕ್ಕೆ 1.62 ಕೋಟಿ ಆಯಿತು. ಹಾಗೇ ಬಿಟ್ಟರೆ 2026ಕ್ಕೆ 2.5 ಕೋಟಿ. ಗ್ಯಾಲರಿ ತುಂಬಿ ತುಳುಕುತ್ತಿತ್ತು, ಆದರೂ 2015ರಲ್ಲಿ 28 ಲಕ್ಷ, 2016ರಲ್ಲಿ 48 ಲಕ್ಷ ಪೌಂಡ್ ನಷ್ಟ. ಇನ್ನು ಆಗಲ್ಲ ಅಂತ 2017ರ ಜುಲೈನಲ್ಲಿ ಕರಾರು ಮುರಿಯುವ ನೋಟಿಸ್ ಕೊಟ್ಟರು. ಎರಡು ವರ್ಷ ಎಳೆದಾಡಿದ ಮೇಲೆ 2019ರಲ್ಲಿ ಹೊಸ ಕರಾರು ಆಯಿತು.

ಟಿಕೆಟ್ ದುಡ್ಡಿನಲ್ಲೇ ಬದುಕಬೇಕಾದ ಕ್ಲಬ್ಬಿನ ಪಾಡು ಇದು. ಸರ್ಕಾರದ ಬೊಕ್ಕಸ ಹಿಂದೆ ಇದ್ದರೆ ಲೆಕ್ಕವೇ ಬೇರೆ. ಬಹ್ರೇನ್ 2004ರಲ್ಲಿ ಬಂತು, ಅಬುಧಾಬಿ 2009ರಲ್ಲಿ, ಕತಾರ್ ಮತ್ತು ಜಿದ್ದಾ 2021ರಲ್ಲಿ. ಈ ದೇಶಗಳು ಟಿಕೆಟ್ ಮಾರಿ ಲಾಭ ಮಾಡಲು ಕೂತಿಲ್ಲ. ಊರಿನ ಹೆಸರು ಟಿ.ವಿಯಲ್ಲಿ ಬರಲಿ ಅಂತ ಕೊಡುತ್ತವೆ. ಎಕಲ್‌ಸ್ಟೋನ್ ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡರು. ಅವರಾದ ಮೇಲೆ ಬಂದವರೂ ಅದೇ ದಾರಿಯಲ್ಲಿ ನಡೆದಿದ್ದಾರೆ. ಹೋಗುವ ಸರದಿ ಹಳೇ ಟ್ರ್ಯಾಕುಗಳದ್ದು, ಅದು ನನಗೆ ನೋವಿನ ವಿಷಯ. ನೀವು ನೋಡಿದ ರೇಸ್ ಚೆನ್ನಾಗಿತ್ತು ಅನ್ನೋದರಲ್ಲಿ ಎರಡು ಮಾತಿಲ್ಲ. ಅಲ್ಲಿನ ಟ್ರ್ಯಾಕ್ ನನಗೂ ಇಷ್ಟ.

ಪ್ರಶ್ನೆ: ವಿಜಯ್ ಮಲ್ಯ ಅವರ ತಂಡ ಈಗ ಎಲ್ಲಿದೆ?
— ಓದುಗರು, ದಾವಣಗೆರೆ

ಉತ್ತರ: ಆಸ್ಟನ್ ಮಾರ್ಟಿನ್ ಅಂತ ಓಡುತ್ತಿರುವುದು ಅದೇ ತಂಡ. 2007ರಲ್ಲಿ ಸ್ಪೈಕರ್ ತಂಡ ಕೊಂಡು ಫೋರ್ಸ್ ಇಂಡಿಯಾ ಅಂತ ಹೆಸರಿಟ್ಟರು. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಬಂದಾಗ ನಾನು ಟಿ.ವಿ ಮುಂದೆ ನಿಂತೇ ಇದ್ದೆ. 2016, 2017ರಲ್ಲಿ ತಂಡ ನಾಲ್ಕನೇ ಸ್ಥಾನ. ಅಷ್ಟು ಕಡಿಮೆ ದುಡ್ಡಿನಲ್ಲಿ ಅಷ್ಟು ಚೆನ್ನಾಗಿ ಕಾರು ಕಟ್ಟಿದವರು ಆಗ ಇನ್ನೊಬ್ಬರಿರಲಿಲ್ಲ. ಆ ಹೆಗ್ಗಳಿಕೆ ಕಾರ್ಖಾನೆಯಲ್ಲಿ ದುಡಿದ ನಾನೂರು ಜನರದ್ದು. 2018ರ ಜುಲೈನಲ್ಲಿ ದುಡ್ಡು ಪೂರ್ತಿ ಖಾಲಿ. ಬಾಕಿ ಬರಬೇಕಿದ್ದ ಚಾಲಕ ಸೆರ್ಗಿಯೊ ಪೆರೆಜ್ ತಾವೇ ಕೋರ್ಟಿಗೆ ಹೋದರು. ತಂಡ ಮುಚ್ಚಿಹೋಗದೆ ಆಡಳಿತಾಧಿಕಾರಿಯ ಕೈಗೆ ಹೋಗಲಿ, ಕೆಲಸದವರು ಉಳಿಯಲಿ ಅಂತ. ಕೆನಡಾದ ಲಾರೆನ್ಸ್ ಸ್ಟ್ರೋಲ್ ಮತ್ತು ಜೊತೆಗಾರರು ಕೊಂಡರು. ಕೆಲಸ ಉಳಿಯಿತು.

ಪ್ರಶ್ನೆ: ನಿಮ್ಮ ಅಂಕಣ ಓದಿದರೆ ಈ ಯಜಮಾನರೆಲ್ಲ ಬರೀ ದುಡ್ಡಿನವರು ಅನಿಸುತ್ತೆ. ಅವರಿಂದ ಆಟಕ್ಕೆ ಏನೂ ಒಳ್ಳೇದಾಗಿಲ್ಲವಾ?
— ಶಾಲಾ ಶಿಕ್ಷಕಿ, ಮೈಸೂರು

ಉತ್ತರ: ಆಗಿದೆ ಮೇಡಂ. ಒಂದು ಘಟನೆ ಹೇಳುತ್ತೇನೆ.

1978ರಲ್ಲಿ ಎಕಲ್‌ಸ್ಟೋನ್ ಲಂಡನ್ನಿನ ಮೆದುಳು ಶಸ್ತ್ರವೈದ್ಯ ಸಿಡ್ ವಾಟ್ಕಿನ್ಸ್ ಅವರನ್ನು ರೇಸುಗಳ ವೈದ್ಯರನ್ನಾಗಿ ಕರೆತಂದರು. ಅದೇ ವರ್ಷ ಸೆಪ್ಟೆಂಬರ್ 10, ಮೊಂಜಾ. ರೇಸ್ ಶುರುವಾದ ಕೂಡಲೇ ಕಾರುಗಳು ಒಂದಕ್ಕೊಂದು ಬಡಿದವು. ರಾನಿ ಪೀಟರ್ಸನ್ ಕಾರಿಗೆ ಬೆಂಕಿ. ಅವರನ್ನು ಹೊರಗೆ ಎಳೆದವರು ಜೇಮ್ಸ್ ಹಂಟ್ ಮತ್ತಿತರ ಚಾಲಕರು. ಕಾಲು ಚೂರಾಗಿತ್ತು, ಪ್ರಜ್ಞೆ ಇತ್ತು. ವಾಟ್ಕಿನ್ಸ್ ಓಡಿ ಬಂದರೆ ಪೊಲೀಸರು ಸಾಲಾಗಿ ನಿಂತು ತಡೆದರು. ಡಾಕ್ಟರನ್ನೇ ತಡೆದರು! ಆಂಬುಲೆನ್ಸ್ ಬರಲು ಸುಮಾರು 18 ನಿಮಿಷ. ಮಾರನೇ ದಿನ ಬೆಳಿಗ್ಗೆ ಪೀಟರ್ಸನ್ ತೀರಿಕೊಂಡರು.

ವಾಟ್ಕಿನ್ಸ್ ಎಕಲ್‌ಸ್ಟೋನ್ ಹತ್ತಿರ ಹೋಗಿ ಪಟ್ಟಿ ಕೊಟ್ಟರು: ಅರಿವಳಿಕೆ ತಜ್ಞ ಇರಬೇಕು, ಹೆಲಿಕಾಪ್ಟರ್ ಇರಬೇಕು, ನಾನು ಕೂರುವ ಕಾರು ಬೇಕು. ಮುಂದಿನ ರೇಸ್ ಅಮೆರಿಕದಲ್ಲಿ. ಕೇಳಿದ್ದೆಲ್ಲ ಅಲ್ಲಿಗೇ ಬಂತು. ಇವತ್ತಿಗೂ ಮೊದಲ ಲ್ಯಾಪಿನಲ್ಲಿ ಕಾರುಗಳ ಹಿಂದೆಯೇ ಒಂದು ವೈದ್ಯಕೀಯ ಕಾರು ಓಡುತ್ತೆ, ಗಮನಿಸಿ. 2020ರಲ್ಲಿ ಬಹ್ರೇನ್‌ನಲ್ಲಿ ಚಾಲಕ ಗ್ರೋಜಾನ್ ಅವರ ಕಾರು ಎರಡು ತುಂಡಾಗಿ ಬೆಂಕಿ ಹತ್ತಿದಾಗ ಡಾಕ್ಟರು ಕೆಲವೇ ಸೆಕೆಂಡಿನಲ್ಲಿ ಅಲ್ಲಿದ್ದದ್ದು ಆ ಕಾರಿನಿಂದ.

ಸಮಿತಿ ಕೂತು, ಠರಾವು ಬರೆದು, ಎಲ್ಲ ದೇಶದ ಕ್ಲಬ್ಬಿಗೆ ಕಳಿಸಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ. ಹೆಲಿಕಾಪ್ಟರ್ ಇಲ್ಲದಿದ್ದರೆ ಕಾರುಗಳು ಹೊರಡಲ್ಲ ಅಂತ ಒಬ್ಬರು ಹೇಳಿದರು, ಟ್ರ್ಯಾಕಿನವರು ಕೇಳಿದರು. ಎಕಲ್‌ಸ್ಟೋನ್ ಮೇಲೆ ನನಗೆ ಎಷ್ಟು ಕೋಪ ಇದೆಯೋ, ಈ ಒಂದು ವಿಷಯಕ್ಕೆ ಅಷ್ಟೇ ಕೃತಜ್ಞತೆ ಇದೆ. ಲಿಬರ್ಟಿಯವರ ಕಾಲದಲ್ಲೂ ಒಂದು ಒಳ್ಳೇ ಕೆಲಸ ಆಗಿದೆ. 2021ರಿಂದ ತಂಡಗಳ ಖರ್ಚಿಗೆ ಮಿತಿ ಬಂತು, ಮೊದಲ ವರ್ಷ 14.5 ಕೋಟಿ ಡಾಲರ್. ಸಣ್ಣ ತಂಡಗಳು ಉಸಿರಾಡುತ್ತಿವೆ.

ಪ್ರಶ್ನೆ: ಆಂಡ್ರೆಟ್ಟಿ ತಂಡವನ್ನು ಬೇಡ ಅಂದವರು ಕ್ಯಾಡಿಲಾಕ್‌ಗೆ ಹೂಂ ಅಂದದ್ದು ಯಾಕೆ?
— ಓದುಗರು, ಬೆಂಗಳೂರು

ಉತ್ತರ: ಅಮೆರಿಕದ ಆಂಡ್ರೆಟ್ಟಿ ತಂಡ ಸೇರಲು ಕೇಳಿದಾಗ, ನಿಯಮದ ಪ್ರಕಾರ ನೋಡಿ ಫೆಡರೇಶನ್ 2023ರ ಅಕ್ಟೋಬರ್‌ನಲ್ಲಿ ಒಪ್ಪಿತ್ತು. 2024ರ ಜನವರಿಯಲ್ಲಿ ವ್ಯಾಪಾರ ನೋಡಿಕೊಳ್ಳುವ ಲಿಬರ್ಟಿ ಕಡೆಯವರು ಬೇಡ ಅಂದರು. ಹನ್ನೊಂದನೇ ಎಲೆ ಹಾಕಿದರೆ ಹತ್ತು ಎಲೆಗೂ ಪಾಯಸ ಕಡಿಮೆಯಾಗುತ್ತೆ, ಇರುವ ತಂಡಗಳಿಗೆ ಅದೇ ಚಿಂತೆ. ಅದಕ್ಕೆಂದೇ ಹೊಸಬರು 20 ಕೋಟಿ ಡಾಲರ್ ಕಟ್ಟಿ ಬರಬೇಕು ಅಂತ 2021ರ ಕಾನ್‌ಕಾರ್ಡ್ ಒಪ್ಪಂದದಲ್ಲೇ ಇತ್ತು. ಅಷ್ಟೂ ಸಾಲದು ಅಂದರು. ಅಮೆರಿಕದ ನ್ಯಾಯ ಇಲಾಖೆ ವಿಚಾರಣೆ ಶುರು ಮಾಡಿತು. ಮೈಕಲ್ ಆಂಡ್ರೆಟ್ಟಿ ಹಿಂದೆ ಸರಿದರು, ಕ್ಯಾಡಿಲಾಕ್ ಕಾರಿನ ಒಡೆಯ ಜನರಲ್ ಮೋಟಾರ್ಸ್ ಮುಂದೆ ಬಂತು, 2024ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. 2026ರ ಸೀಸನ್ನಿಗೆ ಕ್ಯಾಡಿಲಾಕ್ ಹನ್ನೊಂದನೇ ತಂಡ. ಮೈಕಲ್ ತಂದೆ ಮಾರಿಯೊ ಆಂಡ್ರೆಟ್ಟಿ 1978ರ ವಿಶ್ವ ಚಾಂಪಿಯನ್. ಪ್ರಶಸ್ತಿ ಖಾತ್ರಿಯಾದದ್ದು ಮೇಲೆ ಹೇಳಿದ ಮೊಂಜಾ ರೇಸಿನಲ್ಲೇ, ತೀರಿಕೊಂಡ ಪೀಟರ್ಸನ್ ಅವರದೇ ತಂಡದ ಜೊತೆಗಾರ. ಆ ಮನೆತನವನ್ನು ಬಾಗಿಲಲ್ಲಿ ನಿಲ್ಲಿಸಿದ್ದು ನನಗೆ ಸರಿ ಕಾಣಲಿಲ್ಲ.

ಪ್ರಶ್ನೆ: ನಾವು ಎಂಟು ಜನ ಗೆಳೆಯರು ಸೇರಿ ನಮ್ಮೂರಲ್ಲಿ ಡರ್ಟ್ ಟ್ರ್ಯಾಕ್ ರೇಸ್ ಮಾಡಬೇಕು ಅಂತಿದ್ದೀವಿ. ಒಂದು ಕಂಪನಿ ಪ್ರಾಯೋಜಕರಾಗಿ ಬರ್ತೀವಿ ಅಂದಿದೆ. ಏನು ನೋಡಿಕೊಳ್ಳಬೇಕು?
— ಓದುಗರು, ಚಿಕ್ಕಮಗಳೂರು

ಉತ್ತರ: ನಿಮ್ಮ ಕಡೆಯ ಕಾಫಿ ತೋಟಗಳ ನಡುವೆಯೇ ನಮಗೆ ಒಮ್ಮೆ ಪೆಟ್ಟು ಬಿದ್ದಿತ್ತು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಸಣ್ಣ ರ‍್ಯಾಲಿ, ನಾವು ಆರು ಜನ ನಡೆಸಿದ್ದು. ಪ್ರಾಯೋಜಕ ಕಂಪನಿ ಬ್ಯಾನರ್ ಕಳಿಸಿತು, ಫೋಟೊದವರನ್ನು ಕಳಿಸಿತು, ಚೆಕ್ ಮಾತ್ರ ಕಳಿಸಲಿಲ್ಲ. ಭಾನುವಾರ ಸಂಜೆ ಬಹುಮಾನ ಕೊಟ್ಟು ಮುಗಿಯುವಾಗ ಶಾಮಿಯಾನದವರು ಬಂದು ನಿಂತರು. ಅವರ ಹಿಂದೆ ಜನರೇಟರಿನವರು, ಅಡುಗೆಯವರು. ಅವರೆಲ್ಲ ಊರವರೇ, ಮುಖ ನೋಡಿ ಸಾಲ ಕೊಟ್ಟವರು. ಆ ವಾರ ಎತ್ತಿದ್ದ ಚೀಟಿ ದುಡ್ಡು ನಾನು ಅಲ್ಲಿಗೇ ತಂದುಕೊಟ್ಟೆ. ಮೂರು ತಿಂಗಳಾದ ಮೇಲೆ ಅದೇ ಕಂಪನಿಯ ಕ್ಯಾಲೆಂಡರಿನಲ್ಲಿ ನಮ್ಮ ರ‍್ಯಾಲಿಯ ಫೋಟೊ ನೋಡಿದೆ. ಕೆಸರು ಹಾರಿಸಿಕೊಂಡು ತಿರುವಿನಲ್ಲಿ ಬರುತ್ತಿರುವ ಜಿಪ್ಸಿ. ಒಳ್ಳೇ ಫೋಟೊ. ಎಂಥಾ ಸಂಕಟ ಆಯಿತು ಅಂದರೆ ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಹಾಗಾಗಿ ಅರ್ಧ ದುಡ್ಡು ಬ್ಯಾಂಕಿಗೆ ಬಂದ ಮೇಲೆ ಪೋಸ್ಟರ್ ಅಚ್ಚು ಹಾಕಿಸಿ. ಉಳಿದರ್ಧ ರೇಸಿನ ಹಿಂದಿನ ದಿನ. ಫೋಟೊ, ವಿಡಿಯೊ ಹಕ್ಕು ನಿಮ್ಮ ಹೆಸರಲ್ಲೇ ಇರಲಿ, ಅವರು ಬಳಸಬಹುದು ಅಂತ ಬರೆದುಕೊಡಿ, ಪೂರ್ತಿ ಬರೆದುಕೊಡಬೇಡಿ. ಮುಂದಿನ ವರ್ಷಕ್ಕೂ ನಾವೇ ಅಂತ ಒಂದು ಸಾಲು ಸೇರಿಸಿ ಕಳಿಸುತ್ತಾರೆ, ಅದನ್ನು ಹೊಡೆದುಹಾಕಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಒಕ್ಕೂಟ) ಅನುಮತಿ, ವಿಮೆ, ಪೊಲೀಸ್ ಅನುಮತಿ ಮೂರೂ ಕೈಗೆ ಬರುವವರೆಗೆ ಎಂಟ್ರಿ ಫೀ ತಗೋಬೇಡಿ. ಎಲ್ಲಕ್ಕಿಂತ ಮೊದಲು ಆಂಬುಲೆನ್ಸ್‌ಗೆ ಮುಂಗಡ ಕೊಡಿ. ಎರಡು ಆಂಬುಲೆನ್ಸ್ ಇರಲಿ. ಒಂದು ಆಸ್ಪತ್ರೆಗೆ ಹೋದರೆ ಇನ್ನೊಂದು ಟ್ರ್ಯಾಕಿನಲ್ಲಿರಬೇಕು. ಹೋದದ್ದು ವಾಪಸ್ ಬರುವವರೆಗೆ ರೇಸ್ ನಿಲ್ಲಿಸಿ, ಪ್ರಾಯೋಜಕರು ಎಷ್ಟೇ ಅವಸರ ಮಾಡಲಿ.

ಕರಾರಿನ ಪ್ರತಿ ನನಗೆ ಕಳಿಸಿ, ಓದಿ ಗುರುತು ಹಾಕಿಕೊಡುತ್ತೇನೆ. ದಿನಾಂಕ ಗೊತ್ತಾದ ಮೇಲೆ ಅದನ್ನೂ ಬರೆಯಿರಿ. ಟೈಮ್ ಕಂಟ್ರೋಲ್‌ಗೆ ಜನ ಬೇಕಿದ್ದರೆ ಬರುತ್ತೇನೆ, ಸ್ಟಾಪ್‌ವಾಚ್ ನನ್ನದೇ ತರುತ್ತೇನೆ.